ಕುದಿಸುವುದು ಬಲ್ಲೆವು, ಆರಿಸುವುದು ಮರೆತೆವು

ಸದಸ್ಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಈ ಲೇಖನದಲ್ಲಿ ಬಿಯರಿನ ಪ್ರಸ್ತಾಪ ಬರುತ್ತದೆ. ಅದನ್ನು ಕಂಡು ಸಂಘದ ಪತ್ರಿಕೆ ದಾರಿ ತಪ್ಪಿತೆಂದು ಯಾರೂ ಭಾವಿಸಬಾರದು. ಮಾತು ಕೊನೆಗೆ ಬಂದು ನಿಲ್ಲುವುದು ನಮ್ಮ ಲೈನು ಮನೆಗಳ ಅಂಬಲಿಯ ಹಂಡೆಯ ಬಳಿಯೇ.

ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅವನು ರಜೆಯ ದಿನಗಳಲ್ಲಿ ಮನೆಯಲ್ಲಿಯೇ ಬಿಯರ್ ಕಾಯಿಸುತ್ತಾನಂತೆ. ಅಲ್ಲಿ ಅದು ಅಪರಾಧವಲ್ಲ. 1978ರಲ್ಲಿ ಆ ದೇಶದ ಕೇಂದ್ರ ಸರ್ಕಾರ, ಸ್ವಂತ ಬಳಕೆಗಾಗಿ, ಮಾರಾಟ ಮಾಡದೆ, ವರ್ಷಕ್ಕೆ ಇಷ್ಟು ಗ್ಯಾಲನ್ ಎಂಬ ಮಿತಿಯೊಳಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅನುಮತಿ ಕೊಟ್ಟಿತು. ಇಂಗ್ಲೆಂಡಿನಲ್ಲಿ 1963ರಲ್ಲಿಯೇ ಅದಕ್ಕೆ ಲೈಸೆನ್ಸು ಬೇಕಿಲ್ಲವೆಂದಾಯಿತು. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಯಾವ ಮದ್ಯವನ್ನೂ ತಯಾರಿಸುವಂತಿಲ್ಲ, ಅದು ಮನೆಯ ಹಿತ್ತಲಿನಲ್ಲಾದರೂ ಸರಿಯೆ. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆ ರಾಜ್ಯದ ಪಾನನಿಷೇಧವನ್ನು ಕಂಡ ಕೊಳ್ಳೇಗಾಲದ ಹಿರಿಯರಿಗೆ ಈ ವಿಷಯವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಯಾರಿಗೂ ಬಿಯರ್ ಮಾಡುವುದನ್ನು ಕಲಿಸುವ ಉದ್ದೇಶ ನನಗಿಲ್ಲ.

ಹುಡುಗ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು: "ಮಾವ, 20 ಲೀಟರು ರಸ ಕುದಿಸಿಟ್ಟಿದ್ದೇನೆ. ಅದನ್ನು ಬೇಗ ತಣ್ಣಗೆ ಮಾಡಬೇಕು. ತಾಮ್ರದ ಸುರುಳಿ ಕೊಳವೆ ಕೊಳ್ಳುವಷ್ಟು ಖರ್ಚು ಮಾಡುವ ಮನಸ್ಸಿಲ್ಲ. ಅಜ್ಜಿ ಕೊಯ್ಲಿನ ಕಾಲದಲ್ಲಿ ಅಷ್ಟು ದೊಡ್ಡ ಹಂಡೆಯ ಅಂಬಲಿಯನ್ನು ಹೇಗೆ ಆರಿಸುತ್ತಿದ್ದರು?"

ನಾನು ಉತ್ತರ ಕೊಡಲು ತಡವರಿಸಿದೆ. ಏಕೆಂದರೆ ಅಜ್ಜಿ ಮಾಡುತ್ತಿದ್ದುದನ್ನು ನಾನು ಕಂಡಿದ್ದೆ, ಮಾಡುವುದನ್ನು ಮಾತ್ರ ಬಿಟ್ಟಿದ್ದೆ. ಬಿಟ್ಟದ್ದರ ಫಲವನ್ನೂ ಉಂಡಿದ್ದೆ.

ಮೊದಲು ಅವನ ರಸದ ಸಂಗತಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ಬಿಸಿ ನೀರಿನಲ್ಲಿ ಒಂದು ಗಂಟೆ ಇಡುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವವು ಹಿಟ್ಟಿನ ಅಂಶವನ್ನು ಸಕ್ಕರೆಯನ್ನಾಗಿ ಮಾಡುತ್ತದೆ. ನಮ್ಮ ಮನೆಗಳಲ್ಲಿ ಕೂಸಿಗೆ ಮೊಳಕೆ ರಾಗಿಯ ಹಿಟ್ಟಿನಿಂದ ಸರಿ ಮಾಡುವಾಗ ಗಂಜಿ ಗಟ್ಟಿಯಾಗದೆ ತೆಳ್ಳಗೆ, ಸಿಹಿಯಾಗಿ ಬರುವುದು ಇದೇ ಕಾರಣದಿಂದ. ಬಾರ್ಲಿಯ ಆ ಸಿಹಿ ರಸವನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂ ಹಾಕಿ ಒಂದು ಗಂಟೆ ಕುದಿಸುತ್ತಾರೆ. ಇದಕ್ಕೆ ವರ್ಟ್ ಎಂದು ಹೆಸರು. ಇದಕ್ಕೆ ಯೀಸ್ಟ್ ಹಾಕಿದರೆ ಹುದುಗಿ ಬಿಯರಾಗುತ್ತದೆ. ಕುದಿಯುವ ರಸಕ್ಕೆ ಯೀಸ್ಟ್ ಹಾಕಿದರೆ ಅದು ಬೆಂದು ಸತ್ತುಹೋಗುತ್ತದೆ. ಸುಮಾರು 20 ಡಿಗ್ರಿಗೆ ಇಳಿಸಿ ಹಾಕಬೇಕು. ಹಾಗೆಂದು ತಾನಾಗಿ ಆರಲೆಂದು ಬಿಟ್ಟರೆ, ಯೀಸ್ಟ್ ಬರುವ ಮುಂಚೆಯೇ ಗಾಳಿಯಲ್ಲಿಯ ಬೇರೆ ಅತಿಥಿಗಳು ಬಂದು ಎಲೆ ಹಾಕಿಕೊಂಡು ಕುಳಿತಿರುತ್ತವೆ. ಜೊತೆಗೆ ರಸ ಬಹಳ ಹೊತ್ತು ಬಿಸಿಯಾಗಿಯೇ ಮುಚ್ಚಿಕೊಂಡಿದ್ದರೆ ಬೆಂದ ಜೋಳದಂಥ ಒಂದು ವಾಸನೆಯೂ ಕೂಡಿಕೊಳ್ಳುತ್ತದೆ. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಬಿಯರ್ ಕೆಡುವುದು ಹೊರಗಿನಿಂದ ಬಂದ ಸೂಕ್ಷ್ಮಜೀವಿಗಳಿಂದ, ಆದ್ದರಿಂದ ಕುದಿಸಿದ ರಸವನ್ನು ಆರಿಸುವ ಹೊತ್ತೇ ಅಪಾಯದ ಹೊತ್ತು ಎಂಬುದು ಅದರಲ್ಲಿಯ ಒಂದು ಮುಖ್ಯ ಮಾತು.

ಅದೇ 1876ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಇನ್ನೊಂದು ವಿಷಯವನ್ನು ತೋರಿಸಿಕೊಟ್ಟರು. ಕೆಲವು ಬ್ಯಾಕ್ಟೀರಿಯಗಳು ಬೀಜದಂಥ ಗಟ್ಟಿ ರೂಪ ತಾಳುತ್ತವೆ. ಆ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಕುದಿಸಿದ ಮೇಲೆ ಬಿಸಿ ಇಳಿದು ಹಿತವಾದಾಗ ಮೊಳೆಯುತ್ತವೆ. ಬಿಯರ್ ಮಾಡುವವನಿಗಿಂತ ಅಂಬಲಿ ಮಾಡುವವರು ತಿಳಿದಿರಬೇಕಾದ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ.

ನನಗೆ ಬೆಟ್ಟದ ಮೇಲೆ ಸ್ವಲ್ಪ ಕಾಫಿ, ಕೆಳಗೆ ಯಳಂದೂರಿನ ಕಡೆ ಸುವರ್ಣಾವತಿಯ ಬಯಲಿನಲ್ಲಿ ಸ್ವಲ್ಪ ಅಡಿಕೆ ಇದೆ. ಕೆಲವು ವರ್ಷಗಳ ಹಿಂದೆ ಕಾಫಿ ಕೊಯ್ಲಿಗೆ ಹನೂರು ಕಡೆಯಿಂದ ಸುಮಾರು ಮೂವತ್ತು ಜನ ಬಂದಿದ್ದರು. ಬೆಳಿಗ್ಗೆ ಬೇಗ ಕೆಲಸಕ್ಕೆ ಇಳಿಯಲೆಂದು, ಅಡುಗೆಯ ಹೆಂಗಸಿಗೆ ನಾನೇ ಹೇಳಿದ್ದೆ: ರಾತ್ರಿಯೇ ನುಚ್ಚು ಹಾಕಿದ ಅಂಬಲಿ ಕಾಯಿಸಿ, ಮುಚ್ಚಿಟ್ಟು ಹೋಗು ಎಂದು. 40 ಲೀಟರಿನ ಅಲ್ಯೂಮಿನಿಯಂ ಹಂಡೆ. ಮೇಲೆ ತಟ್ಟೆ, ತಟ್ಟೆಯ ಮೇಲೆ ಕಲ್ಲು. ಮುಂಜಾನೆ ತೆಗೆದು ನೋಡಿದರೆ ನಡುವೆ ಇನ್ನೂ ಬೆಚ್ಚಗೆ. ಒಳ್ಳೆಯದೇ ಆಯಿತೆಂದುಕೊಂಡು ಇನ್ನೊಂದು ಕುದಿ ಕುದಿಸಿ ಬಡಿಸಿದೆವು. ಹತ್ತು ಗಂಟೆಯ ಹೊತ್ತಿಗೆ ಹನ್ನೊಂದು ಜನ ವಾಂತಿ ಮಾಡಿಕೊಂಡರು. ಅವರಲ್ಲಿ ಒಬ್ಬಳು ಬಾಣಂತಿ. ಜೀಪಿನಲ್ಲಿ ಕರೆದುಕೊಂಡು ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ ನೀರಿನ ಬಗ್ಗೆ ಅಲ್ಲ: "ನಿನ್ನೆಯ ಅಡುಗೆಯೋ? ರಾತ್ರಿ ಹೇಗೆ ಇಟ್ಟಿದ್ದಿರಿ?"

ದೇವರ ದಯೆಯಿಂದ ಎಲ್ಲರೂ ಎರಡು ದಿನದಲ್ಲಿ ಚೇತರಿಸಿಕೊಂಡರು. ಆ ಎರಡು ದಿನದ ಹಣ್ಣು ಉದುರಿದ್ದು ಲೆಕ್ಕಕ್ಕೆ ಬರುವ ನಷ್ಟವಲ್ಲ. "ನಾವು ಎರಡನೆಯ ಸಲ ಕುದಿಸಿದೆವಲ್ಲ" ಎಂದು ನಾನು ವಾದಿಸಿದೆ. ಅಕ್ಕಿಯ ಅಡುಗೆಯಲ್ಲಿ ಸಾಮಾನ್ಯವಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯ ಇದೆ, ಬೆಚ್ಚಗಿನ ಅನ್ನದಲ್ಲಿ ಅದು ವಾಂತಿ ಬರಿಸುವ ವಿಷವನ್ನು ಬಿಡುತ್ತದೆ, ಬ್ಯಾಕ್ಟೀರಿಯ ಸತ್ತರೂ ಆ ವಿಷ ಕುದಿತಕ್ಕೆ ಜಗ್ಗುವುದಿಲ್ಲ ಎಂದು ಅವರು ವಿವರಿಸಿದರು. ವಾಸನೆಯಿಂದಲೂ ರುಚಿಯಿಂದಲೂ ಅದು ಗೊತ್ತಾಗುವುದಿಲ್ಲ. ಅಂದರೆ, ತಪ್ಪು ನಡೆದದ್ದು ಒಲೆಯ ಮೇಲಲ್ಲ, ಒಲೆಯಿಂದ ಇಳಿಸಿದ ಮೇಲೆ.

ಇದರಲ್ಲಿ ನನಗೆ ನಾಚಿಕೆಯಾದ ಸಂಗತಿ ಬೇರೆ. ನಾವು ಬೆಳೆಗಾರರು ರಾಶಿಯ ಗುಣವನ್ನು ಬಲ್ಲವರು. ಕೊಯ್ದ ಕಾಫಿ ಹಣ್ಣನ್ನು ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಒಳಗೆ ಕಾವು ಹುಟ್ಟುವುದು ನಮಗೆ ಗೊತ್ತು. ಕಣದಲ್ಲಿ ತೆಳ್ಳಗೆ ಹರಡಿ ದಿನಕ್ಕೆ ಹಲವು ಸಲ ಕೈಯಾಡಿಸುತ್ತೇವೆ. ಬೇಯಿಸಿದ ಅಡಿಕೆಯನ್ನು ಯಾರಾದರೂ ಹಂಡೆಯಲ್ಲಿಯೇ ಬೆಳಗಿನವರೆಗೆ ಬಿಡುತ್ತಾರೆಯೇ? ಬಸಿದು ಚಪ್ಪರದ ಮೇಲೆ ಹರಡುತ್ತೇವೆ. ಮಾರುವ ಮಾಲಿಗೆ ಇಷ್ಟು ಎಚ್ಚರ. ಕೊಯ್ಯುವವರು ಕುಡಿಯುವ ಅಂಬಲಿಯನ್ನು ಮಾತ್ರ ರಾಶಿ ಹಾಕಿ ಕಲ್ಲು ಹೇರುತ್ತೇವೆ.

ದೊಡ್ಡ ಪಾತ್ರೆ ಏಕೆ ಆರುವುದಿಲ್ಲ ಎಂಬುದಕ್ಕೆ ಲೆಕ್ಕ ಸುಲಭ. ಪಾತ್ರೆಯ ಅಗಲ, ಎತ್ತರ ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ಒಳಗೆ ಹಿಡಿಯುವ ಪದಾರ್ಥ ಎಂಟು ಪಟ್ಟಾಗುತ್ತದೆ. ಬಿಸಿ ಹೊರಗೆ ಹೋಗುವ ಮೈ ನಾಲ್ಕು ಪಟ್ಟು ಮಾತ್ರ. ಆದ್ದರಿಂದ ಅದು ಆರಲು ಸುಮಾರು ಎರಡು ಪಟ್ಟು ಹೊತ್ತು ಬೇಕು. ಮೇಲೆ ಮುಚ್ಚಳ ಹಾಕಿದರೆ ಇನ್ನೂ ಹೆಚ್ಚು. ಅಮೆರಿಕದ ಆಹಾರ ನಿಯಮದ ಪ್ರಕಾರ ಬೇಯಿಸಿದ ಅಡುಗೆ 57 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ. ಕೊನೆಯ ಮಾತು ಫ್ರಿಜ್ ಇಲ್ಲದ ಲೈನು ಮನೆಗೆ ಆಗದು. ಆದರೆ ಮೊದಲಿನ ಮಾತಿನ ಅರ್ಥ ಎಲ್ಲರಿಗೂ ಒಂದೇ: 60 ಡಿಗ್ರಿಯ ಮೇಲೆ ಇರುವವರೆಗೆ ಹೆದರಿಕೆ ಇಲ್ಲ; ಅಲ್ಲಿಂದ ಕೆಳಗೆ ಬೆಚ್ಚಗಿರುವ ಹೊತ್ತನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಕ್ಷೇಮ.

ಇನ್ನು ಅಜ್ಜಿಯ ಕ್ರಮ. ಅವರು ಹಂಡೆಯಲ್ಲಿ ಕುದಿಸಿದ್ದನ್ನು ಎಂದೂ ಹಂಡೆಯಲ್ಲಿ ಬಿಡಲಿಲ್ಲ. ಅಗಲ ಬಾಯಿಯ ತಪ್ಪಲೆಗಳಿಗೆ ಹಂಚಿ, ದನಗಳಿಗೆ ನೀರು ಕುಡಿಸುವ ತೊಟ್ಟಿಯ ಪಕ್ಕದ ಕಲ್ಲುಬಾನಿಯಲ್ಲಿ ಆ ತಪ್ಪಲೆಗಳನ್ನು ಕೂರಿಸಿ, ಸುತ್ತ ನೀರು ಹಾಕಿ, ಕೋಲಿನಿಂದ ತಿರುವುತ್ತಿದ್ದರು. ಬಾನಿಯ ನೀರು ಬಿಸಿಯಾದರೆ ಚೊಂಬಿನಿಂದ ತೆಗೆದು ಬೇರೆ ನೀರು ಹಾಕುತ್ತಿದ್ದರು. ಒಂದೇ ಸಲ ತುಂಬ ನೀರು ಏಕೆ ಹಾಕಬಾರದು ಎಂದು ಚಿಕ್ಕವನಾಗಿದ್ದ ನಾನು ಕೇಳಿದ್ದಕ್ಕೆ "ನೀರು ದಂಡ" ಎಂದಿದ್ದರು. ಅದು ಎಷ್ಟು ಸರಿಯಾದ ಮಾತು ಎಂಬುದನ್ನು ಹುಡುಗನ ಫೋನು ಬಂದ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ.

ಪಾತ್ರೆಯಲ್ಲಿ 20 ಲೀಟರು, 100 ಡಿಗ್ರಿ. ನಮ್ಮ ಬಳಿ 25 ಡಿಗ್ರಿಯ ತಣ್ಣೀರು 40 ಲೀಟರು ಇದೆ ಎಂದಿಟ್ಟುಕೊಳ್ಳೋಣ. ಅಷ್ಟನ್ನೂ ಒಂದೇ ತೊಟ್ಟಿಗೆ ಹಾಕಿ ಪಾತ್ರೆಯನ್ನು ಇಟ್ಟರೆ ಎರಡೂ ಒಂದಾಗುವಾಗ 50 ಡಿಗ್ರಿಗೆ ಬಂದು ನಿಲ್ಲುತ್ತದೆ. ಅದೇ 40 ಲೀಟರನ್ನು ಹತ್ತು ಹತ್ತು ಲೀಟರಿನಂತೆ ನಾಲ್ಕು ಸಲ ಬದಲಾಯಿಸಿದರೆ, ಮೊದಲನೆಯ ನೀರಿಗೆ 75, ಎರಡನೆಯದಕ್ಕೆ 58, ಮೂರನೆಯದಕ್ಕೆ 47, ನಾಲ್ಕನೆಯದಕ್ಕೆ 40 ಡಿಗ್ರಿ. ನೀರು ಅಷ್ಟೇ, ತಂಪು ಹತ್ತು ಡಿಗ್ರಿ ಹೆಚ್ಚು. ಗಾಳಿಗೆ ಹೋಗುವ ಬಿಸಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದು ಸೇರಿದರೆ ಇನ್ನೂ ಚೆನ್ನಾಗಿಯೇ ಆಗುತ್ತದೆ. ಇನ್ನೆರಡು ಸಲ ಬದಲಾಯಿಸಿದರೆ 32ರ ಹತ್ತಿರ ಬರುತ್ತದೆ. ಆದರೆ ನೋಡಿ, ಮೊದಲ ಹತ್ತು ಲೀಟರು 25 ಡಿಗ್ರಿ ಇಳಿಸಿದರೆ, ಆರನೆಯ ಹತ್ತು ಲೀಟರು ಮೂರೂವರೆ ಡಿಗ್ರಿಯನ್ನಷ್ಟೇ ಇಳಿಸುತ್ತದೆ. ತೊಟ್ಟಿಯ ನೀರಿಗಿಂತ ತಣ್ಣಗಂತೂ ಎಂದೂ ಆಗದು.

ಹನೂರಿನ ಕಡೆಯ ಸದಸ್ಯರು ಇದನ್ನು ಓದಿ, ಅಂಬಲಿಗೆ 60 ಲೀಟರು ನೀರು ಸುರಿಯಲು ನಮ್ಮಲ್ಲೇನು ಹೊಳೆ ಹರಿಯುತ್ತಿದೆಯೇ ಎಂದು ಕೇಳುವುದು ನ್ಯಾಯವೇ. ಈ ನೀರು ಎಲ್ಲಿಯೂ ಹೋಗುವುದಿಲ್ಲ. ಮೊದಲಿನ ಎರಡು ಸಲದ ನೀರು ಪಾತ್ರೆ ತೊಳೆಯಲು, ಮೈ ತೊಳೆಯಲು ಹದವಾಗಿರುತ್ತದೆ. ಕೊಯ್ಲು ಮುಗಿಸಿ ಬಂದ ಹೆಂಗಸರಿಗೆ ಡಿಸೆಂಬರಿನ ಬೆಟ್ಟದ ಚಳಿಯಲ್ಲಿ ಅದು ಬೇಡವೆಂದೆನಿಸುವುದಿಲ್ಲ. ಉಳಿದದ್ದನ್ನು ಆರಿದ ಮೇಲೆ ದನಕ್ಕೋ ನರ್ಸರಿಗೋ ಹಾಕಬಹುದು. ಸೌದೆ ಉಳಿಯಿತು ಎಂದೇ ಲೆಕ್ಕ.

ನೀರು ಇನ್ನೂ ಕಡಿಮೆ ಇರುವ ಕಡೆ ಒದ್ದೆ ಗೋಣಿಯ ಉಪಾಯವಿದೆ. ಒಂದು ಗ್ರಾಮ್ ನೀರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. 20 ಲೀಟರನ್ನು 100ರಿಂದ 30ಕ್ಕೆ ಇಳಿಸಲು ಹೋಗಬೇಕಾದ ಬಿಸಿ 14 ಲಕ್ಷ ಕ್ಯಾಲೊರಿ. ಅಂದರೆ ಎರಡೂವರೆ ಲೀಟರು ನೀರು ಆವಿಯಾದರೆ ಸಾಕು. ಪಾತ್ರೆಗೆ ಒದ್ದೆ ಗೋಣಿ ಸುತ್ತಿ ಗಾಳಿ ಬೀಸುವ ಜಗಲಿಯಲ್ಲಿಟ್ಟು ಗೋಣಿಗೆ ಆಗಾಗ ನೀರು ಚಿಮುಕಿಸುವುದಷ್ಟೇ ಕೆಲಸ. ಮಣ್ಣಿನ ಹೂಜಿಯ ನೀರು ತಂಪಾಗುವುದು ಇದೇ ರೀತಿಯಲ್ಲಿ. ಹನೂರು, ರಾಮಾಪುರದ ಕಡೆಯ ಮಾರ್ಚ್ ತಿಂಗಳಿನ ಒಣ ಗಾಳಿಯಲ್ಲಿ ಇದು ಬಹು ಚೆನ್ನಾಗಿ ನಡೆಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಜುಲೈ ತಿಂಗಳ ಮಂಜಿನಲ್ಲಿ ಗೋಣಿ ಒದ್ದೆಯಾಗಿಯೇ ಇರುತ್ತದೆ, ಪಾತ್ರೆ ಬಿಸಿಯಾಗಿಯೇ ಇರುತ್ತದೆ. ಒಂದೇ ಜಿಲ್ಲೆಯೊಳಗೆ ಬೆಟ್ಟಕ್ಕೊಂದು ಕ್ರಮ, ಬಯಲಿಗೊಂದು ಕ್ರಮ ಎಂಬುದನ್ನು ನೆನಪಿಟ್ಟರಾಯಿತು. ನೀರಿನ ತೊಟ್ಟಿಯಷ್ಟು ಬೇಗ ಮಾತ್ರ ಇದು ಆಗದು. ಆದ್ದರಿಂದ ಮೊದಲು ಸ್ವಲ್ಪ ನೀರಿನಲ್ಲಿಟ್ಟು 60ಕ್ಕೆ ಇಳಿಸಿ, ಆಮೇಲೆ ಗೋಣಿ ಸುತ್ತುವುದು ಮೇಲು.

ಮಂಜುಗಡ್ಡೆಯ ಮಾತನ್ನೂ ಹೇಳಿಬಿಡುತ್ತೇನೆ. ಈಗ ಕೊಳ್ಳೇಗಾಲದಲ್ಲಿ ಗಡ್ಡೆ ಸುಲಭವಾಗಿ ಸಿಗುವುದರಿಂದ ಕೆಲವರು ಕುದಿಯುವ ಪಾತ್ರೆಯ ಸುತ್ತಲೇ ಸುರಿಯುತ್ತಾರೆ. ಅದು ದುಡ್ಡು ಕರಗಿಸುವ ಕೆಲಸ. 100ರಿಂದ 40ರವರೆಗೆ ಬಾವಿಯ ನೀರೇ ಪುಕ್ಕಟೆಯಾಗಿ ಇಳಿಸುತ್ತದೆ. ಕೊನೆಗೆ 40ರಿಂದ 25ಕ್ಕೆ ಇಳಿಸಬೇಕೆಂದಾಗ ಮೂರು ಕೆ.ಜಿ. ಗಡ್ಡೆ ಸಾಕು. ಹುಡುಗನಿಗೆ ಇದು ಬೇಕಾಗುತ್ತದೆ, ಅಂಬಲಿಗೆ ಬೇಕಾಗುವುದಿಲ್ಲ. ಗಡ್ಡೆಯನ್ನು ಪದಾರ್ಥದೊಳಗಂತೂ ಹಾಕಲೇಬಾರದು. ಮೀನು ತುಂಬಲು ಮಾಡಿದ ಗಡ್ಡೆ ಯಾವ ನೀರಿನದೋ ಏನೋ. ಬೇಕಾದರೆ ಗಡ್ಡೆಯನ್ನು ಮುಚ್ಚಳ ಭದ್ರವಾದ ಸ್ಟೀಲು ಕ್ಯಾನಿಗೆ ತುಂಬಿ, ಆ ಕ್ಯಾನಿನ ಹೊರಮೈಯನ್ನು ಕುದಿಯುವ ನೀರಿನಿಂದ ತೊಳೆದು, ಅದನ್ನು ಪಾತ್ರೆಯಲ್ಲಿ ಮುಳುಗಿಸಬಹುದು.

ಇವೆಲ್ಲಕ್ಕಿಂತ ಸುಲಭವಾದ ಉಪಾಯ ಬೇರೊಂದಿದೆ. ಮನೆಯಲ್ಲಿ ಬಿಯರ್ ಮಾಡುವವರು ಅರ್ಧ ನೀರಿನಲ್ಲಿ ಗಟ್ಟಿ ರಸ ಕುದಿಸಿ, ಉಳಿದರ್ಧ ತಣ್ಣೀರನ್ನು ಆಮೇಲೆ ಬೆರೆಸುತ್ತಾರೆ. ನಾವೂ ಬೆಳಿಗ್ಗೆಯೇ ಹತ್ತು ಲೀಟರು ನೀರನ್ನು ಚೆನ್ನಾಗಿ ಕುದಿಸಿ ಮುಚ್ಚಿ ಆರಿಸಿಟ್ಟುಕೊಂಡು, ಸಂಜೆ ಹತ್ತು ಲೀಟರು ಗಟ್ಟಿ ಅಂಬಲಿ ಕಾಯಿಸಿ ಎರಡನ್ನೂ ಕೂಡಿಸಿದರೆ ಆ ಕ್ಷಣದಲ್ಲಿಯೇ 62 ಡಿಗ್ರಿಗೆ ಬಂತು. ಅಲ್ಲಿಂದ ಮೂರು ಸಲ ಹತ್ತು ಹತ್ತು ಲೀಟರು ನೀರು ಬದಲಾಯಿಸಿದರೆ 36. ನೀರು ಅರ್ಧ, ಹೊತ್ತೂ ಸುಮಾರು ಅರ್ಧ. ಕುದಿಸದ ನೀರನ್ನು ಬೆರೆಸಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ.

ತಿರುವುವುದನ್ನು ಮರೆಯಬಾರದು. ವರ್ಟ್ ನೀರಿನ ಹಾಗೆ ತೆಳ್ಳಗಿರುವುದರಿಂದ ತನ್ನೊಳಗೆ ತಾನೇ ಸುತ್ತುತ್ತದೆ. ಅಂಬಲಿ ಹಾಗಲ್ಲ, ಅಂಚಿನಲ್ಲಿ ಕೆನೆಗಟ್ಟಿ ತಣ್ಣಗಾದರೂ ನಡುವೆ ಕೆಂಡದ ಹಾಗಿರುತ್ತದೆ. ಕುದಿಯುವ ನೀರಿನಲ್ಲಿ ಅದ್ದಿದ ಕೋಲಿನಿಂದ ಐದು ನಿಮಿಷಕ್ಕೊಮ್ಮೆ ತಳದಿಂದ ಎತ್ತಿ ತಿರುವಬೇಕು. ತುಟಿಯ ಹತ್ತಿರ ನಿಂತು ಹರಟೆ ಹೊಡೆಯಬಾರದು ಎಂದು ಅಜ್ಜಿ ಗದರುತ್ತಿದ್ದರು. ಉಗುಳು ಬೀಳುತ್ತದೆಂದು.

ಹಾಗಾದರೆ ತೆರೆದಿಡುವುದೋ ಮುಚ್ಚುವುದೋ? ಬೆಲ್ಜಿಯಂ ದೇಶದ ಬ್ರಸೆಲ್ಸ್ ಸುತ್ತಮುತ್ತ ಲಾಂಬಿಕ್ ಎಂಬ ಹುಳಿ ಬಿಯರ್ ಮಾಡುವವರು ಇಂದಿಗೂ ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ, ಮೊಣಕಾಲುದ್ದವೂ ಇಲ್ಲದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದೇ ಬಿಡುತ್ತಾರೆ. ಗಾಳಿಯ ಯೀಸ್ಟೇ ಬಂದು ಹುದುಗಿಸಬೇಕು. ಆದರೆ ಅವರೂ ಅದನ್ನು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಮಾಡುತ್ತಾರೆ. ಸೆಕೆಯಲ್ಲಿ ಮಾಡಿದರೆ ಬೇಡದವು ಹೆಚ್ಚು ಬರುತ್ತವೆಂದು ಅವರಿಗೆ ಗೊತ್ತು. ಅದು ಅವರ ಹವೆಯ ವಿದ್ಯೆ. ನಮ್ಮ ಬಯಲಿಗೆ ಹೊಂದುವುದಿಲ್ಲ. ನಾವು ಕಲಿಯಬೇಕಾದ್ದು ತೊಟ್ಟಿಯ ಆಳ ಕಡಿಮೆ ಇರಬೇಕೆಂಬುದನ್ನು ಮಾತ್ರ. ಹಬೆ ಜೋರಾಗಿ ಏಳುವವರೆಗೆ ತೆರೆದಿಡಿ, ಹಬೆ ಕುಗ್ಗಿದ ಮೇಲೆ ಒಗೆದು ಒಣಗಿಸಿದ ತೆಳು ಬಟ್ಟೆ ಕಟ್ಟಿ. ಗಟ್ಟಿ ಮುಚ್ಚಳ ಪೂರ್ತಿ ಆರಿದ ಮೇಲೆ.

ಇದಕ್ಕೆ ವಿರುದ್ಧವಾದ ಒಂದು ವಾದವನ್ನು ಹುಡುಗನೇ ಎತ್ತಿದ. ಆಸ್ಟ್ರೇಲಿಯದಲ್ಲಿ ಅನೇಕರು ರಸವನ್ನು ಆರಿಸುವುದೇ ಇಲ್ಲವಂತೆ. ಕುದಿಯುತ್ತಿರುವಾಗಲೇ ಗಟ್ಟಿ ಪ್ಲಾಸ್ಟಿಕ್ ಕ್ಯಾನಿಗೆ ಕಂಠಮಟ್ಟ ತುಂಬಿ, ಗಾಳಿ ಹಿಂಡಿ, ಬಿರಡೆ ಬಿಗಿದು, ಮಾರನೆಯ ದಿನ ಯೀಸ್ಟ್ ಹಾಕುತ್ತಾರೆ. ನೀರಿನ ಅಭಾವದ ದೇಶದ ಉಪಾಯ. ರಸದ ಬಿಸಿಯೇ ಕ್ಯಾನಿನ ಒಳಮೈಯನ್ನು ಶುದ್ಧ ಮಾಡುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಒಪ್ಪತಕ್ಕದ್ದೇ. ಆದರೆ ಅದರಲ್ಲಿ ಹಾಪ್ಸ್ ಇದೆ, ಮಾರನೆಯ ದಿನ ಯೀಸ್ಟ್ ಬಿದ್ದು ಹುಳಿಯೂ ಮದ್ಯವೂ ಕಾವಲಿಗೆ ಬರುತ್ತವೆ. ಅಂಬಲಿಗೆ ಇವಾವುವೂ ಇಲ್ಲ. ಕುದಿತಕ್ಕೆ ಸಾಯದ ಬೀಜಾಣುಗಳು ಒಳಗೇ ಉಳಿದಿರುತ್ತವೆ. ಹುಳಿಯಿಲ್ಲದ ಪದಾರ್ಥವನ್ನು ಗಾಳಿಯಾಡದಂತೆ ಬಿಗಿದು ಬೆಚ್ಚಗೆ ಇಟ್ಟರೆ ಬೆಳೆಯುವವುಗಳಲ್ಲಿ ಪ್ರಾಣ ತೆಗೆಯುವಂಥವೂ ಇವೆ. ಆದ್ದರಿಂದ ಅಂಬಲಿಯ ವಿಷಯದಲ್ಲಿ ಆ ದಾರಿ ಬೇಡ.

ಅಂಬಲಿಗೆ ಕಾವಲು ಬೇಕೆಂದರೆ ಅದು ಹುಳಿ. ಹದ ಬೆಚ್ಚಗೆ ಆದ ಕೂಡಲೆ ಒಳ್ಳೆಯ ಮಜ್ಜಿಗೆಯನ್ನೋ, ಹಿಂದಿನ ದಿನದ ಚೆನ್ನಾಗಿ ಹುಳಿತ ಅಂಬಲಿಯನ್ನೋ ಒಂದು ಸೇರು ಕಲಸಿದರೆ, ಹುಳಿ ಮಾಡುವ ಸೂಕ್ಷ್ಮಜೀವಿಗಳು ಬೇಗ ಬೆಳೆದು ಬೇರೆಯವಕ್ಕೆ ಜಾಗ ಬಿಡುವುದಿಲ್ಲ. ಹಾಲಿಗೆ ಹೆಪ್ಪು ಹಾಕುವ ಹದವೇ ಇದಕ್ಕೂ ಹದ. ನೇಪಾಳ, ಸಿಕ್ಕಿಂ ಕಡೆ ರಾಗಿಯಿಂದ ಹುದುಗು ಪಾನೀಯ ಮಾಡುವವರೂ ಬೇಯಿಸಿದ ರಾಗಿಯನ್ನು ಚಾಪೆಯ ಮೇಲೆ ಹರಡಿ ಆರಿಸಿದ ಮೇಲೆಯೇ ಹುದುಗಿನ ಪುಡಿ ಉದುರಿಸುತ್ತಾರೆ. ಹದ ನೋಡಲು ಬೆರಳು ಅದ್ದಬೇಡಿ. ಸೌಟಿನಿಂದ ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಳ್ಳಿ. ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನಿಸಿದರೆ ನಮ್ಮ ಮೈಯ ಕಾವಿಗೆ ಬಂದಿದೆ ಎಂದರ್ಥ.

ಪ್ರಸಂಗವಶಾತ್ ಕಾಫಿಯ ವಿಷಯದಲ್ಲಿಯೂ ಒಂದು ಮಾತು. ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹರಡಿದ ಮೇಲೆ, ಅದನ್ನು ಕೊಲ್ಲುವ ಬ್ಯುವೇರಿಯ ಶಿಲೀಂಧ್ರವನ್ನು ಬೇಯಿಸಿದ ಅಕ್ಕಿಯ ಮೇಲೆ ಬೆಳೆಸಿಕೊಳ್ಳುವುದನ್ನು ಕೆಲವರು ಕಲಿತಿದ್ದಾರೆ. ಬೆಳೆಯಲಿಲ್ಲ, ಕೊಟ್ಟ ಬೀಜವೇ ಕೆಟ್ಟದ್ದು ಎಂಬ ದೂರನ್ನು ನಾನು ಹಲವು ಬಾರಿ ಕೇಳಿದ್ದೇನೆ. ಅಕ್ಕಿ ಎಷ್ಟು ಆರಿದ ಮೇಲೆ ಹಾಕಿದಿರಿ ಎಂದು ಕೇಳಿದರೆ ಉತ್ತರವಿಲ್ಲ. ಆ ಶಿಲೀಂಧ್ರಕ್ಕೆ 25ರಿಂದ 28 ಡಿಗ್ರಿ ಹಿತ. ಚೀಲದ ಹೊರಗೆ ಕೈಗೆ ತಣ್ಣಗೆನಿಸಿದರೂ ಒಳಗಿನ ಅಕ್ಕಿಯ ಗಡ್ಡೆ 50 ಇರಬಹುದು. ದೊಡ್ಡ ಚೀಲದ ಬದಲು ಚಿಕ್ಕ ಚೀಲಗಳಲ್ಲಿ ತೆಳ್ಳಗೆ ತುಂಬಿ, ಬಾಯಿ ಬಿಗಿದಂತೆಯೇ ನೀರಿನ ತೊಟ್ಟಿಯ ಮೇಲೆ ಮಲಗಿಸಿ ಆರಿಸಿದರೆ ಅರ್ಧ ದೂರುಗಳು ನಿಂತಾವು.

ಈಗ ನನ್ನ ಮುಖ್ಯ ಅಭಿಪ್ರಾಯ. ಕೊಯ್ಲಿನ ಕೂಲಿಗಾರರ ಅಡುಗೆಗೆ ತಂಪು ಪೆಟ್ಟಿಗೆಯನ್ನು ಸಂಘದಿಂದ ಸಾಲ ಕೊಟ್ಟು ಕೊಡಿಸಬೇಕೆಂಬ ಮಾತು ನಮ್ಮ ಕೆಲವರಲ್ಲಿ ಓಡಾಡುತ್ತಿದೆ. ಉದ್ದೇಶ ಒಳ್ಳೆಯದು. ಆದರೆ ಕುದಿಯುವ 40 ಲೀಟರಿನ ಹಂಡೆಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಹಂಡೆ ಆರುವ ಮೊದಲು ಫ್ರಿಜ್ಜೇ ಬಿಸಿಯಾಗುತ್ತದೆ. ಕರೆಂಟು ಹೋದ ರಾತ್ರಿ ಅದೂ ಒಂದು ಬೀರುವೇ. ಅದರ ಬದಲು ಪ್ರತಿ ಲೈನು ಮನೆಗೆ ಹತ್ತು ಲೀಟರು ಹಿಡಿಯುವ ಅಗಲ ಬಾಯಿಯ ನಾಲ್ಕು ತಪ್ಪಲೆ, ಅವು ಕೂರುವಂಥ ಎರಡು ತೊಟ್ಟಿ, ಒಂದು ಉದ್ದ ಕೋಲು, ಅಡುಗೆಯ ಒಂದು ಥರ್ಮಾಮೀಟರು. ಒಂದು ಸಲ ಕೊಂಡರೆ ಹಲವು ವರ್ಷ ಬರುತ್ತವೆ.

ಸಾಮಾನು ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ನನ್ನ ಮನೆಯಲ್ಲಿ ತಪ್ಪಲೆಗಳಿಗೆ ಕೊರತೆ ಇರಲಿಲ್ಲ. ಅಜ್ಜಿಯ ಕಲ್ಲುಬಾನಿ ಆಗಲೂ ಹಿತ್ತಲಿನಲ್ಲಿಯೇ ಬಿದ್ದಿತ್ತು. ಇಲ್ಲದೆ ಹೋದದ್ದು ಒಂದು ಗಂಟೆ ಹೊತ್ತು. ಅಡುಗೆಯ ಹೆಂಗಸಿಗೆ ಕುದಿಸುವುದಕ್ಕೆ ಕೂಲಿ ಕೊಟ್ಟೆ, ನಿಂತು ಆರಿಸುವುದಕ್ಕೆ ಕೊಡಲಿಲ್ಲ. ಅವಳಿಗೆ ಕತ್ತಲಾಗುವ ಮುಂಚೆ ಮನೆ ಸೇರಬೇಕಿತ್ತು, ನನಗೆ ಮುಂಜಾನೆಯ ಕೆಲಸ ಬೇಗ ಶುರುವಾಗಬೇಕಿತ್ತು. ನಡುವೆ ಸಿಕ್ಕಿಕೊಂಡದ್ದು ಹನ್ನೊಂದು ಜನರ ಹೊಟ್ಟೆ. "ಅವರು ಗಟ್ಟಿ ಜನ, ಏನನ್ನಾದರೂ ಅರಗಿಸಿಕೊಳ್ಳುತ್ತಾರೆ" ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಹಾಗೆ ಹೇಳುವವರು ಒಂದು ದಿನ ಆ ಹಂಡೆಯಿಂದಲೇ ಕುಡಿದು ನೋಡಲಿ.

ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಎರಡು ವಿಷಯಗಳನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಒಂದು, ಮೇಲೆ ಹೇಳಿದ ಸಾಮಾನುಗಳನ್ನು ಸಂಘದ ಮಳಿಗೆಯಲ್ಲಿ ಕೊಯ್ಲಿಗೆ ಮುಂಚೆ ತರಿಸಿಡುವುದು. ಇನ್ನೊಂದು, ಕೂಲಿಗಾರರಿಗೆ ರಾತ್ರಿ ಅಡುಗೆ ಮಾಡಿಸುವ ಸದಸ್ಯರು ಅಡುಗೆಯವರಿಗೆ ಒಂದು ಗಂಟೆಯ ಹೆಚ್ಚಿನ ಕೂಲಿಯನ್ನು, ಅವರು ಮನೆ ತಲುಪುವ ವ್ಯವಸ್ಥೆಯನ್ನು ಕಡ್ಡಾಯವಾಗಿ ಮಾಡಬೇಕೆಂಬ ನಿರ್ಣಯ. ಸಂದೇಹ ಇರುವವರು ಕೊಯ್ಲಿನ ಕಾಲದಲ್ಲಿ ಯಾವ ದಿನವಾದರೂ ಸಂಜೆ ನಮ್ಮ ಲೈನು ಮನೆಗೆ ಬಂದು ನೋಡಬಹುದು. ಕಲ್ಲುಬಾನಿಯನ್ನು ತೊಳೆಸಿ ಮತ್ತೆ ಇರಿಸಿದ್ದೇನೆ.

ಹುಡುಗ ಮಾರನೆಯ ವಾರ ಫೋನು ಮಾಡಿದ್ದ. ಸ್ನಾನದ ತೊಟ್ಟಿಯಲ್ಲಿ ಪಾತ್ರೆ ಇಟ್ಟು ನಾಲ್ಕು ಸಲ ನೀರು ಬದಲಾಯಿಸಿ, ಐದನೆಯ ಸಲ ಗಡ್ಡೆ ಹಾಕಿದನಂತೆ. ನಲವತ್ತು ನಿಮಿಷ ಹಿಡಿಯಿತು ಎಂದ.